ಹೆಪ್ಪು

ಅಮ್ಮ ಆಸ್ಪತ್ರೆ ಸೇರಿ ಅಂದಿಗೆ ಒಂಬತ್ತನೇ ದಿನ. ನೋವು ಇಳಿದಿತ್ತು, ಗಂಜಿ, ಇಡ್ಲಿ ಒಳಗೆ ಹೋಗುತ್ತಿತ್ತು. ಇವತ್ತು ಕಳಿಸಿಬಿಡುತ್ತಾರೆ ಅಂದುಕೊಂಡು ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಜಯನಗರದಲ್ಲಿ ಇಳಿದೆ. ಚೀಲದಲ್ಲಿ ಅವಳು ಮನೆಗೆ ಉಟ್ಟುಕೊಂಡು ಬರಲು ಕಾಟನ್ ಸೀರೆ ಇತ್ತು.

ಅದು ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ. ಪಿತ್ತಕೋಶದ ಸಣ್ಣ ಕಲ್ಲೊಂದು ಜಾರಿ, ಪಿತ್ತನಾಳವೂ ಪ್ಯಾಂಕ್ರಿಯಾಸ್ ನಾಳವೂ ಕರುಳಿಗೆ ತೆರೆಯುವ ಬಾಯಲ್ಲಿ ಸಿಕ್ಕಿಕೊಂಡಿತ್ತು. ಮೊದಲ ರಾತ್ರಿ ನಾವು ಗ್ಯಾಸ್ ಅಂತ ಓಮದ ನೀರು ಕುಡಿಸಿದ್ದೆವು. ನೋವು ಬೆನ್ನಿಗೆ ಹೊಡೆಯುತ್ತಿದೆ ಅಂತ ಅವಳು ದಿಂಬು ಅಪ್ಪಿಕೊಂಡು ಮುಂದಕ್ಕೆ ಬಾಗಿ ಬೆಳಗಿನವರೆಗೂ ಕೂತಿದ್ದಳು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಸಿಟ್ಟು ಬರುತ್ತದೆ, ನನ್ನ ಮೇಲೇ.

ಸಣ್ಣ ಜ್ವರ ಬಿಡದೆ ಇದ್ದದ್ದರಿಂದ ಹಿಂದಿನ ಸಂಜೆ ಕಾಂಟ್ರಾಸ್ಟ್ ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿದ್ದರು. ರಿಪೋರ್ಟ್ ಹಿಡಿದು ಬಂದ ಡಾಕ್ಟರ್ ಸೀರೆ ಚೀಲ ನೋಡಿ, "ಇನ್ನೂ ಸ್ವಲ್ಪ ದಿನ ಇರಬೇಕಾಗುತ್ತೆ" ಅಂದರು. ಗುಲ್ಮದಿಂದ, ಅಂದರೆ ಸ್ಪ್ಲೀನ್‌ನಿಂದ, ಬರುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಹೆಪ್ಪಾ?" ಅಮ್ಮ ಎದ್ದು ಕೂತಳು. "ನನ್ನ ರಕ್ತ ಏನು ಹಾಲಾ?"

ಹೊಟ್ಟೆನೋವಿಗೂ ರಕ್ತ ಹೆಪ್ಪುಗಟ್ಟುವುದಕ್ಕೂ ಏನು ಸಂಬಂಧ ಅಂತ ನಾನು ಕೇಳಿದೆ. ಡಾಕ್ಟರ್ ಔಷಧಿ ಚೀಟಿಯ ಹಿಂದೆ ಚಿತ್ರ ಬರೆದರು. ಆ ನಾಳ ಪ್ಯಾಂಕ್ರಿಯಾಸ್‌ನ ಬೆನ್ನಿಗೆ ಅಂಟಿಕೊಂಡೇ ಸಾಗುತ್ತದೆ. ಆಮೇಲೆ ಕರುಳಿನಿಂದ ಬರುವ ದೊಡ್ಡ ನಾಳ ಸೇರಿಕೊಂಡು, ಪೋರ್ಟಲ್ ವೇನ್ ಆಗಿ ಲಿವರ್‌ಗೆ ಹೋಗುತ್ತದೆ. ಒಂದೇ ಗೋಡೆಯ ಎರಡು ಮನೆ ಇದ್ದ ಹಾಗೆ. ಇಲ್ಲಿ ಬೆಂಕಿ ಬಿದ್ದರೆ ಅಲ್ಲಿಗೂ ಕಾವು ತಟ್ಟುತ್ತದೆ. ಊತ ನಾಳವನ್ನು ಒತ್ತುತ್ತದೆ, ಒಳಗೆ ರಕ್ತ ನಿಧಾನವಾಗುತ್ತದೆ, ಗಟ್ಟಿಯಾಗುತ್ತದೆ. ದಾರಿ ಮುಚ್ಚಿದ ರಕ್ತ ಜಠರದ ಗೋಡೆಯಲ್ಲಿರುವ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಅವು ಉಬ್ಬಿ ಮುಂದೆಂದಾದರೂ ಒಡೆದರೆ ರಕ್ತಸ್ರಾವ.

ಅಲ್ಲಿಂದ ಸಂಜೆ ನಾಲ್ಕರವರೆಗೆ ನಮ್ಮದು ಕಾಯುವ ಕೆಲಸ. ಸರ್ಜನ್ನರು ಸುಮ್ನೆ ಗಮನಿಸೋಣ ಅಂದರು. ಪ್ಯಾಂಕ್ರಿಯಾಸ್ ಸುತ್ತ ಇನ್ನೂ ನೀರು ನಿಂತಿದೆ, ಈಗ ರಕ್ತ ಹೆಪ್ಪುಗಟ್ಟದ ಔಷಧಿ ಕೊಟ್ಟರೆ ಅಲ್ಲೇ ರಕ್ತ ಸೋರಬಹುದು ಅನ್ನುವುದು ಅವರ ಭಯ. ಹೊಟ್ಟೆಯ ಡಾಕ್ಟರರಿಗೆ ಬೇರೆ ಭಯ. ಹೆಪ್ಪಿನ ತುದಿ ಪೋರ್ಟಲ್ ವೇನ್ ಹತ್ತಿರ ಬಂದಿದೆ, ಅದರೊಳಗೆ ಹೋದರೆ ಲಿವರ್‌ಗೂ ಕರುಳಿಗೂ ತೊಂದರೆ. ಇಬ್ಬರೂ ಹೇಳಿದ್ದು ಸರಿಯಾಗಿಯೇ ಕಂಡಿತು, ಅದೇ ನನ್ನ ಸಂಕಟ. ಕ್ಯಾಂಟೀನಿನಲ್ಲಿ ಮೂರು ಕಾಫಿ ಕುಡಿದೆ. ಒಂದರ ರುಚಿಯೂ ನೆನಪಿಲ್ಲ.

ಕೊನೆಗೆ ರೇಡಿಯಾಲಜಿಯವರ ಜೊತೆ ಕೂತು ಸ್ಕ್ಯಾನ್ ಮತ್ತೆ ನೋಡಿದರು. ಎಲ್ಲೂ ರಕ್ತ ಸೋರುತ್ತಿಲ್ಲ, ಅಪಧಮನಿ ಯಾವುದೂ ಉಬ್ಬಿಲ್ಲ. ಶುರು ಮಾಡೋಣ ಅಂದರು. ಹೆಪಾರಿನ್ ಜಾತಿಯ ಚುಚ್ಚುಮದ್ದು, ಹೊಕ್ಕುಳ ಪಕ್ಕದ ಚರ್ಮದ ಕೆಳಗೆ, 12 ಗಂಟೆಗೊಂದು. ತೂಕ ಕೆಜಿಗೆ 1 ಮಿಲಿಗ್ರಾಂ ಲೆಕ್ಕ, ಅಮ್ಮನಿಗೆ 60.

"ಹೆಪ್ಪಿಗೆ ಹೆಪಾರಿನ್ನಾ? ಸರಿಯಾಗಿಯೇ ಹೆಸರಿಟ್ಟಿದ್ದಾರೆ" ಅಂದಳು. ಆ ಹೆಸರಿನ ಮೂಲ ಗ್ರೀಕ್, ಲಿವರ್‌ಗೆ ಸಂಬಂಧಪಟ್ಟದ್ದು. 1916ರಲ್ಲಿ ಅದನ್ನು ಕಂಡದ್ದು ನಾಯಿಯ ಲಿವರ್‌ನಲ್ಲಿ. ನಾಯಿಯ ವಿಷಯ ನಾನು ಅವಳಿಗೆ ಹೇಳಲಿಲ್ಲ.

ರಕ್ತ ತೆಳು ಮಾಡುವ ಔಷಧಿ ಅಂತ ನಾವೆಲ್ಲ ಅನ್ನುತ್ತೇವಲ್ಲ, ಅದು ರಕ್ತವನ್ನು ತೆಳು ಮಾಡುವುದಿಲ್ಲವಂತೆ. ಇರುವ ಹೆಪ್ಪು ಬೆಳೆಯದಂತೆ ತಡೆಯುತ್ತದೆ. ಕರಗಿಸುವ ಕೆಲಸ ದೇಹದ್ದೇ.

ಆ ರಾತ್ರಿ ನರ್ಸ್ ಹೇಳಿದ್ದು ಒಂದೇ ಮಾತು: ಮಲ ಕಪ್ಪಗೆ ಹೋದರೆ ಒಳಗೆ ರಕ್ತ ಸೋರುತ್ತಿರಬಹುದು, ತಕ್ಷಣ ಕರೆಯಿರಿ. ಅಮ್ಮ ಬಾತ್‌ರೂಮಿನಿಂದ ಬಂದಾಗಲೆಲ್ಲ ನಾನು ಅವಳ ಮುಖ ನೋಡುತ್ತಿದ್ದೆ. ಮೂರನೇ ಸಲಕ್ಕೆ, "ಎಲ್ಲಾ ಸರಿ ಇದೆ ಕಣೋ, ಮಲಗು" ಅಂತ ಗದರಿದಳು.

ಈಗ ಚುಚ್ಚುಮದ್ದಿನ ಬದಲು ಅದೇ ಕೆಲಸಕ್ಕೆ ವಾರ್ಫರಿನ್ ಮಾತ್ರೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವ ರಕ್ತಪರೀಕ್ಷೆಯ ಐಎನ್ಆರ್ 2ರಿಂದ 3ರ ಒಳಗೆ ಇರಬೇಕು. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಗೆ ಅಡ್ಡ ಬರುತ್ತದೆ. ಹಾಗಂತ ಸೊಪ್ಪು ಬಿಡಬೇಕಿಲ್ಲ, ದಿನಾ ಹೆಚ್ಚುಕಡಿಮೆ ಅಷ್ಟೇ ತಿನ್ನಬೇಕು. ಬಸ್ಸಾರು ಮಾಡುವ ಅಮ್ಮ ಈಗ ದಂಟಿನ ಸೊಪ್ಪನ್ನು ಅಳೆಯಲು ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡಿದ್ದಾಳೆ. ಪಿತ್ತಕೋಶದ ಆಪರೇಷನ್ ಇನ್ನೂ ಬಾಕಿ ಇದೆ. ಕಾಟನ್ ಸೀರೆ ಇಸ್ತ್ರಿ ಮಾಡಿಸಿ ಬೀರುವಿನಲ್ಲಿ ಬೇರೆಯೇ ಇಟ್ಟಿದ್ದಾಳೆ, ಆ ದಿನಕ್ಕೆ ಅಂತ.