ಗೋತ್‌ಲ್ಯಾಂಡ್ ಸುತ್ತು: ಏರು ಹತ್ತುವ ಉಗಿ ಇಂಜಿನ್ ನೋಡಲು ಎಲ್ಲಿ, ಯಾವಾಗ ನಿಲ್ಲಬೇಕು

ಇಂಗ್ಲೆಂಡಿನ ನಾರ್ತ್ ಯಾರ್ಕ್‌ಷೈರ್ ಮೂರ್ಸ್ ರೈಲ್ವೆಗೆ ಬಂದವರಲ್ಲಿ ಹೆಚ್ಚಿನವರು ಗೋತ್‌ಲ್ಯಾಂಡ್ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ, ನಿಂತ ಇಂಜಿನ್ನಿನ ಫೋಟೊ ಹೊಡೆದು ಹೊರಟುಬಿಡುತ್ತಾರೆ. ಅದೇ ಇಂಜಿನ್ ಏದುಸಿರು ಬಿಡುತ್ತಾ ಏರು ಹತ್ತುವುದನ್ನು ಕೇಳಬೇಕಾದರೆ ಊರಿನ ಸುತ್ತ ಸುಮಾರು 7 ಕಿ.ಮೀ. ನಡೆಯಬೇಕು. ನಿಂತು ನೋಡುವ ಹೊತ್ತೂ ಸೇರಿ ಮೂರು ತಾಸು ಇಟ್ಟುಕೊಳ್ಳಿ.

ಇಲ್ಲಿ ದಿಕ್ಕು ಮುಖ್ಯ. ಪಿಕರಿಂಗ್‌ನಿಂದ ಗ್ರೋಮಾಂಟ್‌ವರೆಗಿನ ಈ ಹಳಿ 29 ಕಿ.ಮೀ. ಉದ್ದ. ಗ್ರೋಮಾಂಟ್‌ನಿಂದ ಗೋತ್‌ಲ್ಯಾಂಡಿಗೆ ಬರುವಾಗ 49ಕ್ಕೆ 1ರ ಏರು, ಅಂದರೆ 49 ಅಡಿ ಸಾಗಿದರೆ 1 ಅಡಿ ಮೇಲೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿನದು 50ಕ್ಕೆ 1, ಹೆಚ್ಚುಕಡಿಮೆ ಅಷ್ಟೇ. ಎದುರಿನಿಂದ ಇಳಿಯುವ ಗಾಡಿ ಬ್ರೇಕ್ ಹಿಡಿದು ಸದ್ದಿಲ್ಲದೆ ಜಾರಿಹೋಗುತ್ತದೆ, ಅದಕ್ಕೆ ಕಾದು ಪ್ರಯೋಜನವಿಲ್ಲ. ವೇಳಾಪಟ್ಟಿಯಲ್ಲಿ ಗ್ರೋಮಾಂಟ್ ಬಿಡುವ ಸಮಯ ನೋಡಿ. ಅಲ್ಲಿಂದ ಗೋತ್‌ಲ್ಯಾಂಡಿಗೆ ಸುಮಾರು ಕಾಲು ತಾಸು.

ಸುತ್ತನ್ನು ಜಲಪಾತದ ಕಡೆಯಿಂದ ಶುರುಮಾಡಿ. ಹಳಿಯ ಭಾಗ ಕೊನೆಗೆ ಸಿಗುತ್ತದೆ. ಒಂದು ಗಾಡಿ ತಪ್ಪಿದರೆ ಅಲ್ಲೇ ಕೂತು ಇನ್ನೊಂದಕ್ಕೆ ಕಾಯಬಹುದು. ಸ್ಟೇಷನ್ನಿನಿಂದ ಊರ ರಸ್ತೆ ಹಿಡಿದು ಚರ್ಚಿನ ಹತ್ತಿರದ ಮ್ಯಾಲಿಯನ್ ಸ್ಪೌಟ್ ಹೋಟೆಲಿನ ತನಕ ನಡೆಯಿರಿ. ಹೋಟೆಲಿನ ಪಕ್ಕದ ಕಾಲುದಾರಿ ಮೆಟ್ಟಿಲಿಳಿದು ವೆಸ್ಟ್ ಬೆಕ್ ಸೇರುತ್ತದೆ. ಬೆಕ್ ಅಂದರೆ ಈ ಕಡೆಯವರ ಮಾತಿನಲ್ಲಿ ಹಳ್ಳ. ಕೆಳಗೆ ಎಡಕ್ಕೆ, ಹಳ್ಳದ ಮೇಲ್ಗಡೆಗೆ ಹೋದರೆ ಸುಮಾರು 21 ಮೀಟರ್ ಎತ್ತರದ ಮ್ಯಾಲಿಯನ್ ಸ್ಪೌಟ್. ಜೋಗ ಕಂಡವರಿಗೆ ಇದು ಗೋಡೆಯಿಂದ ಸೋರುವ ನೀರಿನಂತೆ ಕಾಣಬಹುದು, ಆದರೂ ಮಳೆ ಬಂದ ಮರುದಿನ ಚೆನ್ನಾಗಿರುತ್ತದೆ. ತೊಡಕೆಂದರೆ ಆ ಮರುದಿನವೇ ದಾರಿಯ ಪಾಚಿಗಟ್ಟಿದ ಬಂಡೆಗಳು ಎಣ್ಣೆ ಸವರಿದ ಹಾಗಿರುತ್ತವೆ. ಹಳ್ಳ ತುಂಬಿದ್ದರೆ ದೂರದಿಂದಲೇ ನೋಡಿ ಹಿಂದಿರುಗಿ.

ಅಲ್ಲಿಂದ ಹಳ್ಳದ ಹರಿವಿನ ಜೊತೆ ಕೆಳಗೆ ಬಂದರೆ ಹಲಗೆದಾರಿ, ಬೇರುಗಳು, ಸಣ್ಣ ಮೆಟ್ಟಿಲುಗಳು ದಾಟಿ ಬೆಕ್ ಹೋಲ್ ಎಂಬ ಪುಟ್ಟ ಹಳ್ಳಿಯ ಹತ್ತಿರ ಹಳೆಯ ರೈಲುದಾರಿ ಸೇರುತ್ತೀರಿ. ಇಲ್ಲಿ ಸ್ವಲ್ಪ ನಿಲ್ಲಬೇಕು. 1836ರಲ್ಲಿ ಜಾರ್ಜ್ ಸ್ಟೀಫನ್‌ಸನ್ ಈ ಮಾರ್ಗ ಕಟ್ಟಿದಾಗ ಬಂಡಿ ಎಳೆಯುತ್ತಿದ್ದುದು ಕುದುರೆ. ಬೆಕ್ ಹೋಲ್‌ನಿಂದ ಗೋತ್‌ಲ್ಯಾಂಡಿಗೆ ಮಾತ್ರ 15ಕ್ಕೆ 1ರ ಕಡಿದಾದ ಏರು. ಕುದುರೆಗೂ ಆಗದ ಕೆಲಸ. ಅದಕ್ಕೆ ಹಗ್ಗ ಕಟ್ಟಿದರು. ಮೇಲಿನ ತುದಿಯಲ್ಲಿ ಬಂಡಿಯ ತೊಟ್ಟಿಗೆ ನೀರು ತುಂಬಿ ಕೆಳಗೆ ಬಿಟ್ಟರೆ ಆ ಭಾರಕ್ಕೆ ಹಗ್ಗದ ಇನ್ನೊಂದು ತುದಿಯ ಬಂಡಿಗಳು ಮೇಲೆ ಬರುತ್ತಿದ್ದವು. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ. ಆಮೇಲೆ ನೀರಿನ ಬದಲು ಹಗ್ಗ ಸುತ್ತುವ ಉಗಿಯಂತ್ರ ಬಂತು. 1864ರಲ್ಲಿ ಹಗ್ಗ ಹರಿದು ಇಬ್ಬರು ಸತ್ತರು. ಮರುವರ್ಷ ಜುಲೈ 1ರಿಂದ ಗಾಡಿಗಳು ಬಳಸು ಹಾದಿಯ ಹೊಸ ಹಳಿಯಲ್ಲಿ ಓಡತೊಡಗಿದವು. ಈಗ ಉಗಿ ಇಂಜಿನ್ ಏರುವುದು ಅದೇ 49ಕ್ಕೆ 1ರ ಹಳಿ. ಹಳೆಯದು ಕಾಲುದಾರಿಯಾಗಿದೆ. ಸಕಲೇಶಪುರದಲ್ಲಿ ಹಳಿಯ ಮೇಲೆ ನಡೆಯುವುದು ಅಪರಾಧ. ಇಲ್ಲಿ ಹಳೇ ಹಳಿಯ ಜಾಗದಲ್ಲಿ ಧಾರಾಳವಾಗಿ ನಡೆಯಬಹುದು, ಹೊಸದರ ಬೇಲಿ ಮಾತ್ರ ದಾಟುವಂತಿಲ್ಲ.

ಬೆಕ್ ಹೋಲ್‌ನಲ್ಲಿ ಬರ್ಚ್ ಹಾಲ್ ಇನ್ ಎಂಬ ಪುಟ್ಟ ಪಬ್ ಇದೆ. ತೆರೆದಿರುತ್ತದೆಂದು ನಂಬಿ ಬರಬೇಡಿ. ಬುತ್ತಿ, ನೀರು ಕೈಯಲ್ಲಿರಲಿ.

ಮುಂದೆ ಎಲ್ಲರ್ ಬೆಕ್ ಕಡೆಯ ಕಾಲುದಾರಿ ಹಿಡಿದು ಡಾರ್ನ್‌ಹೋಮ್‌ಗೆ ಏರಿ. ಈ ಸುತ್ತಿನ ತಿರುಳು ಇರುವುದು ಇಲ್ಲಿಯೇ: ಕೆಳಗೆ ಕಣಿವೆಯಲ್ಲಿ ಹಳಿ, ಮೇಲೆ ಹುಲ್ಲಿನ ಇಳಿಜಾರಿನಲ್ಲಿ ನೀವು. ಗಾಡಿ ಕಾಣುವ ಮೊದಲೇ ಸದ್ದು ಬರುತ್ತದೆ. ಬ್ಲ್ಯಾಕ್ ಫೈವ್‌ನಂಥ ಎರಡು ಸಿಲಿಂಡರಿನ ಇಂಜಿನ್ ಆದರೆ ಚಕ್ರದ ಒಂದು ಸುತ್ತಿಗೆ ನಾಲ್ಕು ಬಡಿತ; ರೆಪ್ಟನ್‌ನಂಥ ಮೂರು ಸಿಲಿಂಡರಿನದಾದರೆ ಆರು, ಹಾಗಾಗಿ ಅದರ ಸದ್ದು ಒಂದಕ್ಕೊಂದು ಅಂಟಿಕೊಂಡಂತೆ ಕೇಳುತ್ತದೆ. ನಡುವೆ ಬಡಿತ ಇದ್ದಕ್ಕಿದ್ದಂತೆ ದಡಬಡನೆ ಓಡಿದರೆ ಚಕ್ರ ಜಾರಿದೆ ಎಂದರ್ಥ. ಶರತ್ಕಾಲದಲ್ಲಿ ಒದ್ದೆ ಎಲೆ ಹಳಿಗೆ ಅರೆದುಕೊಂಡು ಅಂಟಿದಾಗ ಹೀಗಾಗುವುದು ಹೆಚ್ಚು. ಡ್ರೈವರ್ ಉಗಿ ತಗ್ಗಿಸಿ, ಚಕ್ರದ ಮುಂದೆ ಮರಳು ಉದುರಿಸಿ ಮತ್ತೆ ಹಿಡಿತ ಸಾಧಿಸುತ್ತಾನೆ.

ಬಿಳಿ ಉಗಿಯ ಮೋಡದ ಫೋಟೊ ಬೇಕಿದ್ದರೆ ಬೇಸಿಗೆ ಮಧ್ಯಾಹ್ನ ಬೇಡ. ಬಿಸಿ ಗಾಳಿಯಲ್ಲಿ ಉಗಿ ಕಾಣುವ ಮೊದಲೇ ಕರಗುತ್ತದೆ. ಅಕ್ಟೋಬರಿನ ತಣ್ಣನೆಯ ಬೆಳಗು ಒಳ್ಳೆಯದು. ಗಾಳಿ ನಿಮ್ಮ ಕಡೆ ಬೀಸುತ್ತಿದ್ದರೆ ಹೊಗೆಯೇ ಗಾಡಿಯನ್ನು ಮುಚ್ಚುತ್ತದೆ, ಸ್ವಲ್ಪ ಜಾಗ ಬದಲಿಸಿ. ಬಹಳ ಒಣಗಿದ ಬೇಸಿಗೆಯಲ್ಲಿ ಕಿಡಿಯಿಂದ ಮೂರ್‌ಗೆ, ಅಂದರೆ ಇಲ್ಲಿನ ಕುರುಚಲು ಗಿಡಗಳ ಬಯಲಿಗೆ, ಬೆಂಕಿ ಹತ್ತೀತೆಂದು ಉಗಿ ಇಂಜಿನ್ನಿನ ಬದಲು ಡೀಸೆಲ್ ಹಾಕುವುದುಂಟು. ಆದ್ದರಿಂದ ಹೊರಡುವ ದಿನ ಬೆಳಗ್ಗೆ ವೇಳಾಪಟ್ಟಿಯ ಜೊತೆಗೆ ಯಾವ ಇಂಜಿನ್ ಎಂಬುದನ್ನೂ ನೋಡಿಕೊಳ್ಳಿ. ಚಳಿಗಾಲದಲ್ಲಿ ಬಹುತೇಕ ದಿನ ಗಾಡಿಯೇ ಇರುವುದಿಲ್ಲ.

ಡಾರ್ನ್‌ಹೋಮ್‌ನಲ್ಲಿ ಎಲ್ಲರ್ ಬೆಕ್ ದಾಟಲು ಹಾಸುಗಲ್ಲುಗಳಿವೆ. ಮಳೆ ಜೋರಾಗಿದ್ದ ದಿನ ಅವು ಮುಳುಗಿರಬಹುದು. ಆಗ ಸಾಹಸ ಬೇಡ. ಬೆಕ್ ಹೋಲ್‌ಗೆ ಮರಳಿ, ಹಗ್ಗದ ಕಾಲದ ಹಳೇ ಏರನ್ನೇ ಹತ್ತಿದರೆ ನೇರ ಊರು ಸಿಗುತ್ತದೆ. 15ಕ್ಕೆ 1 ಅಂದರೇನೆಂದು ಮೊಣಕಾಲೇ ಹೇಳುತ್ತದೆ.

ನಕ್ಷೆ ಬೇಕೆಂದರೆ ಆರ್ಡ್‌ನೆನ್ಸ್ ಸರ್ವೆಯ ಓಎಲ್27, 1:25,000 ಅಳತೆಯದು. ಕಣಿವೆಯಲ್ಲಿ ಫೋನಿನ ಸಿಗ್ನಲ್ ನಂಬಬೇಡಿ. ಹಿಡಿತವಿರುವ ಬೂಟು ಹಾಕಿ. ಮಲೆನಾಡಿನ ಇಂಬಳ ಇಲ್ಲಿಲ್ಲ, ಬದಲಿಗೆ ಬ್ರಾಕನ್ ಜರಿಗಿಡಗಳ ನಡುವೆ ಉಣುಗು ಇದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದು ಮೊಣಕಾಲ ಹಿಂಭಾಗ ನೋಡಿಕೊಳ್ಳಿ. ಹತ್ತಿದ್ದರೆ ಬೆಂಕಿ, ಎಣ್ಣೆ ತಾಗಿಸದೆ ಚರ್ಮದ ಹತ್ತಿರ ಚಿಮಟದಿಂದ ಹಿಡಿದು ನೇರವಾಗಿ ಮೇಲೆಳೆಯಿರಿ.