ವಾರದ ಲೆಕ್ಕ, ಹುಣ್ಣಿಮೆ ಲೆಕ್ಕ

9 ಡಿಸೆಂಬರ್ 2025, ಮಂಗಳವಾರ
ತವರೂರು, ಬ್ಯಾಡಗಿ ತಾಲ್ಲೂಕು

ಇವತ್ತಿಗೆ ನನಗೆ 28 ವಾರ ತುಂಬಿತು. ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಗರ್ಭಿಣಿಯರ ಆ್ಯಪ್‌ನಿಂದ ಸುದ್ದಿ ಬಂದಿತ್ತು. ‘ನಿಮ್ಮ ಮಗು ಈಗ ಬದನೆಕಾಯಿಯಷ್ಟಿದೆ’ ಅಂತ. ಇಂಗ್ಲಿಷಿನಲ್ಲಿತ್ತು, ಓದಿ ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತೇ ಹೋಯಿತು.

“ಬದನಿಕಾಯಿಯಷ್ಟ? ಏಳು ತುಂಬಾಕ ಬಂತು, ಇನ್ನೂ ಅಷ್ಟ ಸಣ್ಣದೈತೇನ?”

ಅವ್ವನ ಮನಸ್ಸಿನಲ್ಲಿದ್ದದ್ದು ಎಣಗಾಯಿಗೆ ತರುವ ಬದನೆಕಾಯಿ. ಅಂಗೈಯಲ್ಲಿ ಎರಡು ಮೂರು ಹಿಡಿಯುತ್ತವೆ. ಆ್ಯಪ್ ಮಾಡಿದವರ ದೇಶದ ಬದನೆಕಾಯಿ ನಮ್ಮ ಸೋರೆಕಾಯಿಯಷ್ಟು ಇರುತ್ತದೆ. ಮಗು ಸುಮಾರು ಒಂದು ಕೆ.ಜಿ. ಇರುತ್ತದೆ ಅಂತ ಬಿಡಿಸಿ ಹೇಳಿದ ಮೇಲೆ ಅವ್ವನಿಗೆ ಜೀವ ಬಂತು. ಆದರೂ ರೊಟ್ಟಿ ಮೇಲೆ ಬೆಣ್ಣೆ ಸ್ವಲ್ಪ ಜಾಸ್ತಿಯೇ ಬಿತ್ತು.

ದೀಪಾವಳಿಗೆ ಬೆಂಗಳೂರಿನಿಂದ ಬಂದವಳು ಇಲ್ಲೇ ಉಳಿದಿದ್ದೇನೆ. ಕುಬಸ ಹೋದ ವಾರ ಆಯಿತು, ಹಸಿರು ಬಳೆ ಇನ್ನೂ ಕೈತುಂಬ ಇವೆ. ಇವತ್ತು ಒಂಬತ್ತನೇ ತಾರೀಖು. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಇರುತ್ತದೆ, 2016ರಿಂದ ದೇಶದ ಎಲ್ಲ ಕಡೆ ನಡೆದಿದೆ. ತಾಯಿ ಕಾರ್ಡ್ ಹಿಡಿದು ಆಶಾ ಅಕ್ಕನ ಜೊತೆ ಆರೋಗ್ಯ ಕೇಂದ್ರಕ್ಕೆ ಹೋದೆ. ದಾರಿಯ ಕಣದಲ್ಲೆಲ್ಲ ಮೆಣಸಿನಕಾಯಿ ಒಣಹಾಕಿದ್ದಾರೆ. ಸೆರಗು ಮೂಗಿಗೆ ಹಿಡಿದುಕೊಂಡೇ ನಡೆದೆ.

ಬೆಂಚಿನ ಮೇಲೆ, ಕಟ್ಟೆ ಮೇಲೆ ಒಂದು ಹದಿನೈದು ಮಂದಿ ಹೊಟ್ಟೆ ಹೊತ್ತವರು ಕೂತಿದ್ದೆವು. ನನ್ನ ಪಕ್ಕದವಳು ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುವವಳು. ಇಲ್ಲಿಗೆ ಬಂದದ್ದು ಇವತ್ತೇ ಮೊದಲು, ಗಂಡನ ಮನೆಯಿಂದ ಹೊಸದಾಗಿ ಬಂದಿದ್ದಾಳೆ. ಸಿಸ್ಟರ್ ಕೇಳಿದರು, “ಕೊನೇ ಮುಟ್ಟು ಯಾವ ತಾರೀಖು?”

“ತಾರೀಖ ಗೊತ್ತಿಲ್ರಿ. ಕಾರ ಹುಣ್ಣಿಮಿ ಆಗಿ ಎರಡನೇ ದಿನಕ್ಕ ಹೊರಗಾಗಿದ್ದೆ.”

ಸಿಸ್ಟರ್ ಒಂದು ಮಾತು ಆಡಲಿಲ್ಲ. ಗೋಡೆಯ ಕ್ಯಾಲೆಂಡರ್ ಹಾಳೆ ಹಿಂದೆ ತಿರುಗಿಸಿದರು, ಹುಣ್ಣಿಮೆ ಹುಡುಕಿದರು, ಜೂನ್ 13 ಅಂತ ಬರೆದರು. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಹೆರಿಗೆ ದಿನ ಮಾರ್ಚ್ 20 ಅಂದರು. ಆಕೆ ಸುಮ್ನೆ ನೋಡುತ್ತಾ ನಿಂತಳು. “ಯುಗಾದಿ ಮರುದಿನ ಬರ್ತೈತವ್ವ” ಅಂದಾಗ ಮುಖ ಅರಳಿತು. “ಬೇವು ಬೆಲ್ಲ ತಿಂದ ಬರ್ತೀನಿ ಬಿಡ್ರಿ ಹಂಗಾದ್ರ!”

ನನಗೆ ಅಲ್ಲಿಯೇ ಹೊಳೆಯಿತು. ನನ್ನ ಫೋನಿನಲ್ಲಿರುವ ಎರಡು ಆ್ಯಪ್‌ಗಳೂ ಮೊದಲು ಕೇಳಿದ್ದು ತಾರೀಖನ್ನೇ. ಈಕೆ ಅಲ್ಲಿ ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಆಕೆಗೆ ಲೆಕ್ಕ ಬರುವುದಿಲ್ಲ ಅಂತಲ್ಲ. ಎರಡು ದಿನದ ತನಕ ಕರಾರುವಾಕ್ಕಾಗಿ ನೆನಪಿಟ್ಟಿದ್ದಾಳೆ. ಆ ಲೆಕ್ಕ ತಿಳಿಯುವವರು ಎದುರಿಗೆ ಇರಬೇಕು, ಅಷ್ಟೇ. ನಾವು ‘ಏಳರಲ್ಲಿ ನಡೀತಿದೆ’ ಅನ್ನುತ್ತೇವೆ, ಆ್ಯಪ್ ‘28 ವಾರ’ ಅನ್ನುತ್ತದೆ. ಕನ್ನಡಕ್ಕೆ ತಂದಾಗಲೂ ಬರೀ ಪದ ಬದಲಾಯಿಸುತ್ತಾರೆ, ಎಣಿಕೆ ಹಾಗೇ ಉಳಿಯುತ್ತದೆ.

ನಾನು ಎಲ್ಲರನ್ನೂ ಕೇಳುತ್ತಾ ಹೋದೆ, ನೀವು ಆ್ಯಪ್ ನೋಡ್ತೀರಾ ಅಂತ. ಸುಮಾರು ಮಂದಿಗೆ ಆ್ಯಪ್ ಅಂದರೆ ಅಂಗನವಾಡಿ ಟೀಚರ್ ಫೋನಿನಲ್ಲಿ ಇರುವುದು. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್. ಅದರಲ್ಲಿ ನಮ್ಮೆಲ್ಲರ ಹೆಸರಿದೆ. ಒಬ್ಬಾಕೆ ಹೇಳಿದ್ದು ನನಗೆ ಬಹಳ ಹಿಡಿಸಿತು. “ಅವರ ಫೋನ್ಯಾಗ ನಮ್ದೆಲ್ಲಾ ಐತ್ರಿ, ನಮ್ಮ ಫೋನ್ಯಾಗ ನಮ್ದ ಏನೂ ಇಲ್ಲ.”

ಫೋನ್ ಅಂದರೂ ಅದು ಗಂಡನದೇ. ಹಗಲೆಲ್ಲ ಆತನ ಜೇಬಿನಲ್ಲಿ ಇರುತ್ತದೆ. ಕೂಲಿಗೆ ಹೋಗುವ ಆಕೆ ನಾಚಿಕೊಂಡೇ ಹೇಳಿದಳು. ಗಂಡನ ಮನೆಯಲ್ಲಿದ್ದಾಗ ರಾತ್ರಿ ಊಟ ಆದ ಮೇಲೆ ಗಂಡ ಗರ್ಭಿಣಿಯರ ವಿಡಿಯೊ ಹಚ್ಚಿ ಇಬ್ಬರೂ ನೋಡುತ್ತಿದ್ದರಂತೆ. ‘ಭಾರ ಎತ್ತಬ್ಯಾಡ’ ಅಂತ ಅದರಲ್ಲಿ ಕೇಳಿದ ಮೇಲೆ ನೀರಿನ ಕೊಡ ಆತನೇ ತರುತ್ತಿದ್ದನಂತೆ. ಕೇಳಿ ನನಗೆ ಕಣ್ಣು ತುಂಬಿ ಬಂತು. ಎಷ್ಟು ವರ್ಷ ಅತ್ತೆ, ತಾಯಿ ಹೇಳಿದರೂ ಕೇಳದ ಗಂಡಸರು ಫೋನ್ ಹೇಳಿದ್ದನ್ನು ಕೇಳುತ್ತಾರೆ ಅಂದರೆ, ಅದೂ ಒಳ್ಳೆಯದೇ ಅಲ್ವಾ?

ಡಾಕ್ಟರ್ ಮೇಡಂ ಹತ್ತಿರ ಈ ಮಾತು ಬಂದಾಗ ಅವರು ಕಿಲ್ಕಾರಿ ಬಗ್ಗೆ ಹೇಳಿದರು. ಕೇಂದ್ರ ಸರ್ಕಾರ 2016ರಲ್ಲಿ ಶುರುಮಾಡಿದ್ದು. ನಾಲ್ಕನೇ ತಿಂಗಳಿನಿಂದ ಮಗುವಿಗೆ ವರ್ಷ ತುಂಬುವ ತನಕ ವಾರಕ್ಕೊಂದು ಫೋನ್ ಕರೆ, ಒಟ್ಟು 72. ಓದು ಬರಬೇಕಿಲ್ಲ, ಗುಂಡಿ ಒತ್ತುವ ಫೋನ್ ಇದ್ದರೂ ಸಾಕು, ಎತ್ತಿದರೆ ಮಾತು ಕೇಳುತ್ತದೆ. ನಮ್ಮಂಥ ಊರಿಗೆ ಒಗ್ಗುವುದು ಇಂಥದ್ದೇ ಅಂತ ನನಗೂ ಅನ್ನಿಸಿತು.

ಇನ್ನು ನನ್ನ ಕಥೆ. ಇದನ್ನು ಬರೆಯಲೇಬೇಕು.

ಮೂರು ವಾರದ ಹಿಂದೆ, ಸೋಮವಾರ ರಾತ್ರಿ. ಮಗು ಸಂಜೆಯಿಂದ ಅಲ್ಲಾಡಿದ ಹಾಗೆ ಅನ್ನಿಸಲಿಲ್ಲ. ಆ್ಯಪ್‌ನಲ್ಲಿ ಮಗು ಒದೆಯುವುದನ್ನು ಎಣಿಸುವ ಗುಂಡಿ ಇದೆ. ಪ್ರತಿ ಸಲ ಅಲ್ಲಾಡಿದಾಗ ಒತ್ತಬೇಕು. ಕತ್ತಲಲ್ಲಿ ಕೂತು ಒತ್ತಿದೆ. ಒಂದು ಗಂಟೆಯಲ್ಲಿ ಮೂರು. ಪರದೆ ಮೇಲೆ ಕೆಂಪಗೆ ‘ನಿಮ್ಮ ವೈದ್ಯರನ್ನು ಸಂಪರ್ಕಿಸಿ’ ಅಂತ ಬಂತು. ಹನ್ನೊಂದೂವರೆ ರಾತ್ರಿ. ಯಾವ ವೈದ್ಯರು? ಯಾವ ನಂಬರ್? ಆ ಕೆಂಪು ಅಕ್ಷರದ ಕೆಳಗೆ ಒಂದು ಅಂಕಿಯೂ ಇರಲಿಲ್ಲ. ಬೆರಳು ಇಟ್ಟು ಒತ್ತಿ ಒತ್ತಿ ನೋಡಿದೆ.

ಆಶಾ ಅಕ್ಕನಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು. “ಎಡಮಗ್ಗಲಾಗಿ ಮಲ್ಕೊ ತಂಗಿ, ನಾ ಬಂದೆ.” ಪಕ್ಕದ ಮನೆಯವರ ಆಟೊ ಎಬ್ಬಿಸಿಕೊಂಡು ಕಾಲು ಗಂಟೆಯಲ್ಲಿ ಬಾಗಿಲಿಗೆ ಬಂದರು. ಮೇಲೆ ಸ್ವೆಟರ್, ಕಾಲಲ್ಲಿ ಒಂದೊಂದು ಬಗೆಯ ಚಪ್ಪಲಿ. ಆರೋಗ್ಯ ಕೇಂದ್ರದಲ್ಲಿ ರಾತ್ರಿ ಪಾಳಿಯ ಸಿಸ್ಟರ್ ಹೊಟ್ಟೆ ಮೇಲೆ ಜೆಲ್ ಹಚ್ಚಿ, ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಇಟ್ಟರು. ಮೊದಲು ಬರೀ ಗರಗರ. ಆಮೇಲೆ ಕುದುರೆ ಓಡಿದ ಹಾಗೆ ಸದ್ದು. ನಿಮಿಷಕ್ಕೆ 144. ಅವ್ವ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳು.

ಮರುದಿನ ಡಾಕ್ಟರ್ ಮೇಡಂ ಪರೀಕ್ಷೆ ಮಾಡಿ ತಿಳಿಸಿ ಹೇಳಿದರು. ಗಡಿಯಾರ ಇಟ್ಟು ಎಣಿಸುವುದು ಸಾಮಾನ್ಯವಾಗಿ 28 ವಾರ ಆದ ಮೇಲೆ. ಎಡಮಗ್ಗಲಾಗಿ ಮಲಗಿ ಎಣಿಸಬೇಕು, ಎರಡು ಗಂಟೆಯಲ್ಲಿ ಹತ್ತು ಸಲ ಆದರೂ ಅಲ್ಲಾಡಬೇಕು. ಆದರೆ ಕಡಿಮೆ ಆಗಿದೆ ಅನ್ನಿಸಿದರೆ ಯಾವ ವಾರವೇ ಇರಲಿ, ಬೆಳಗಾಗುವ ತನಕ ಕಾಯದೆ ಬರಬೇಕು. ತಲೆನೋವು ಜೋರಾದರೆ, ಕಣ್ಣು ಮಂಜಾದರೆ, ಮುಖ ಬಾತುಕೊಂಡರೆ, ನೀರು ಅಥವಾ ರಕ್ತ ಹೋದರೆ ಕೂಡಲೇ 108ಕ್ಕೆ ಫೋನ್. “ನೀವು ಬಂದದ್ದು ಸರಿ” ಅಂದರು. ಆ ಒಂದು ಮಾತು ನನಗೆ ಬೇಕಿತ್ತು.

ಅವತ್ತು ಬೆಳಿಗ್ಗೆ ಆ್ಯಪ್ ಏನು ಹೇಳಿತು ಗೊತ್ತಾ? ‘ಅಭಿನಂದನೆ, 25 ವಾರ ತುಂಬಿತು, ಮಗು ಹೂಕೋಸಿನಷ್ಟಿದೆ.’ ರಾತ್ರಿ ಏನಾಯಿತು ಅಂತ ಅದಕ್ಕೆ ಗೊತ್ತೇ ಇರಲಿಲ್ಲ. ಗಾಬರಿ ಹುಟ್ಟಿಸಿದ್ದು ಅದು, ಎದ್ದು ಬಂದದ್ದು ಆಶಾ ಅಕ್ಕ. ಅವರಿಗೆ ತಿಂಗಳ ಸಂಬಳ ಅಂತಿಲ್ಲ, ಗೌರವಧನ, ಪ್ರೋತ್ಸಾಹಧನ ಅಷ್ಟೇ. ಇಂಥ ಆ್ಯಪ್‌ಗಳಲ್ಲಿ ಮೊಟ್ಟಮೊದಲು ಇರಬೇಕಾದದ್ದು ಅವರ ನಂಬರ್ ಅಂತ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಈ ಮಾತನ್ನು ಕಟ್ಟೆ ಮೇಲೆ ಕೂತು ಹೇಳುತ್ತಿದ್ದಾಗ, ಅಷ್ಟು ಹೊತ್ತು ಸುಮ್ಮನಿದ್ದ ಒಬ್ಬಳು ಹತ್ತಿರ ಸರಿದಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಐದನೇ ತಿಂಗಳು. ಇದು ಎರಡನೇ ಸಲದ್ದು. ಮೊದಲನೆಯದು ಮೂರು ತಿಂಗಳಿಗೇ ಹೋಯಿತಂತೆ.

“ಅದು ಹೋದ ಮ್ಯಾಲೂ ಆ್ಯಪ್ ಎಣಸೂದ ಬಿಡಲಿಲ್ರಿ ಅಕ್ಕಾರ. ವಾರಾ ವಾರಾ ಬರ್ತಿತ್ತು. ಈಗ ಕಣ್ಣ ತಗೀತೈತಿ, ಈಗ ಕೇಳಸ್ತೈತಿ ಅಂತ. ನಿಲ್ಲಸೂದು ಎಲ್ಲೈತಿ ಅಂತ ಗೊತ್ತಾಗ್ಲಿಲ್ಲ. ಯಾರನ್ನ ಕೇಳ್ಲಿ? ಫೋನ್ ತಲಿದಿಂಬಿನ ಕೆಳಗ ಇಟ್ಟ ಮಕ್ಕೋತಿದ್ದೆ.”

ಹೇಳುವಾಗ ಅವಳು ನನ್ನ ಬಳೆ ನೋಡುತ್ತಿದ್ದಳು. ನನಗೆ ಮಾತೇ ಹೊರಡಲಿಲ್ಲ, ಅವಳ ಕೈ ಹಿಡಿದುಕೊಂಡೆ. ಆಮೇಲೆ ನನ್ನ ಫೋನಿನಲ್ಲಿ ಹುಡುಕಿ ನೋಡಿದೆ. ನಿಲ್ಲಿಸುವ ಜಾಗ ಇದೆ. ಸೆಟ್ಟಿಂಗ್ಸ್ ಒಳಗೆ ಹೋಗಿ, ಅದರೊಳಗೆ ಇನ್ನೊಂದು, ಅದರ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಕೂಸು ಕಳೆದುಕೊಂಡವಳು ಅಲ್ಲಿಯ ತನಕ ಹುಡುಕಿಕೊಂಡು ಹೋಗಬೇಕಾ? ಮಗುವಿನ ಜಾಹೀರಾತೂ ಅವಳಿಗೆ ತಿಂಗಳುಗಟ್ಟಲೆ ಬಂದವಂತೆ, ಬಟ್ಟೆ, ತೊಟ್ಟಿಲು ಎಲ್ಲ. ಮುಟ್ಟಿನ ಲೆಕ್ಕ ಇಡುವ ಫ್ಲೋ ಅನ್ನುವ ಆ್ಯಪ್ ಹೆಂಗಸರ ಮಾಹಿತಿಯನ್ನು ಬೇರೆ ಕಂಪನಿಗಳಿಗೆ ಕೊಟ್ಟಿದೆ ಅಂತ ಅಮೆರಿಕದಲ್ಲಿ ಅಲ್ಲಿಯ ವ್ಯಾಪಾರ ಆಯೋಗ ದೂರು ದಾಖಲಿಸಿ, 2021ರಲ್ಲಿ ಒಪ್ಪಂದ ಮಾಡಿಸಿತ್ತು. ಓದಿದಾಗ ದೂರದ ಸುದ್ದಿ ಅನ್ನಿಸಿತ್ತು. ಇವತ್ತು ಹಾಗೆ ಅನ್ನಿಸಲಿಲ್ಲ.

ಈ ಸಲ ಅವಳು ಏನನ್ನೂ ಹಾಕಿಕೊಂಡಿಲ್ಲ. ಆದರೆ ಗುಳಿಗೆ ಮರೆಯುತ್ತದಂತೆ. ಹಿಮೋಗ್ಲೋಬಿನ್ 9.8 ಬಂದಿದೆ, 11 ಇರಬೇಕಿತ್ತು. ಕಬ್ಬಿಣಾಂಶದ ಗುಳಿಗೆ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗುತ್ತಿದ್ದಳು. ಹಾಗೆ ತೆಗೆದುಕೊಂಡರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಡುವೆ ಎರಡು ಗಂಟೆಯಾದರೂ ಬಿಡಬೇಕು, ಚಹಾ ಜೊತೆಗಂತೂ ಬೇಡವೇ ಬೇಡ ಅಂತ ಸಿಸ್ಟರ್ ಹೇಳಿದರು. “ನೆನಪ ಮಾಡೂದು ಒಂದ ಹಾಕಿ ಕೊಡ್ರಿ ಅಕ್ಕಾರ, ಬ್ಯಾರೆ ಏನೂ ಬ್ಯಾಡ” ಅಂದಳು.

ಯಾವ ಆ್ಯಪ್ಪೂ ಹಾಕಲಿಲ್ಲ. ಅವಳ ಫೋನಿನ ಅಲಾರಂ ತೆಗೆದು ರಾತ್ರಿ ಒಂಬತ್ತಕ್ಕೆ ಇಟ್ಟೆ. ಹೆಸರು ಬರೆಯುವ ಜಾಗದಲ್ಲಿ ಏನು ಬರೆಯಲಿ ಅಂದೆ. ಸ್ವಲ್ಪ ಯೋಚನೆ ಮಾಡಿ, “ಊಟ ಆತೇನ? ಅಂತ ಬರೀರಿ” ಅಂದಳು. ಬರೆದೆ. ಗುಳಿಗೆ ತೆಗೆದುಕೊಂಡ ಮೇಲೆ ಮಿಸ್ಡ್ ಕಾಲ್ ಕೊಡುತ್ತೇನೆ ಅಂತ ನನ್ನ ನಂಬರ್ ತೆಗೆದುಕೊಂಡಳು.

ಇದನ್ನು ಬರೆಯುತ್ತಾ ಕೂತಿದ್ದಾಗ, 9 ಗಂಟೆ 10 ನಿಮಿಷಕ್ಕೆ ಫೋನ್ ಒಂದು ಸಲ ಬಡಿದು ನಿಂತಿತು. ಎದ್ದು ನನ್ನ ಗುಳಿಗೆ ನುಂಗಿ ಬಂದೆ. ನಾನೂ ಒಂದು ಮಿಸ್ಡ್ ಕಾಲ್ ಕೊಟ್ಟೆ.