ಪಂಚಮಿಗೆ ಮೊದಲು ಗುಳಿಗೆ

6 ಜುಲೈ 2025, ಭಾನುವಾರ
ಝುವಾರಿನಗರ, ಗೋವಾ

ಬೆಳಗಿನಿಂದ ಬಿಡದ ಮಳೆ. ತಗಡಿನ ಮೇಲಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ, ಹದಿನಾಲ್ಕು ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರು. ಬಾದಾಮಿ, ಹುನಗುಂದ, ಕುಷ್ಟಗಿ ಕಡೆಯವರು. ಗಾರೆ ಕೆಲಸಕ್ಕೆ, ಮನೆಗೆಲಸಕ್ಕೆ ಹೋಗುವವರು. ಎಲ್ಲರಿಗೂ ಬಿ.ಪಿ. ಇದೆ. ನಮ್ಮ ಆರೋಗ್ಯ ಯೋಜನೆಗಾಗಿ ಇವರನ್ನು ಕಾಣಲು ಬಂದಿದ್ದೆ.

ಹನ್ನೆರಡು ತಿಂಗಳ ಚೌಕಗಳಿದ್ದ ಹಾಳೆ ಹಾಸಿ, ಗುಳಿಗೆ ತಪ್ಪಿದ ತಿಂಗಳ ಮೇಲೆ ಹುಣಸೆ ಬೀಜ ಇಡಿ ಎಂದೆ. ಬೀಜ ಕೈಯಲ್ಲೇ ಉಳಿದವು. ದೊಡ್ಡವ್ವ ಹಾಳೆಯನ್ನು ಮೆಲ್ಲಗೆ ಮಡಚಿ ಬದಿಗಿಟ್ಟು, ಸೀಮೆಸುಣ್ಣದಿಂದ ನೆಲದ ಮೇಲೆಯೇ ವರ್ಷವನ್ನು ಬರೆದರು. ಅವರಿಗೆ ಅಕ್ಷರ ಬಾರದು. ಕಾರಹುಣ್ಣಿಮೆಗೆ ಎತ್ತು, ಪಂಚಮಿಗೆ ನಾಗಪ್ಪ, ಎಳ್ಳಮಾವಾಸ್ಯೆಗೆ ಬುತ್ತಿ, ಬನದ ಹುಣ್ಣಿಮೆಗೆ ತೇರು. ಆಗ ಬೀಜ ಬಿದ್ದವು ನೋಡಿ! ನಾಗಪ್ಪನ ಮೇಲೆ ಒಂದು ರಾಶಿ, ತೇರಿನ ಮೇಲೆ ಇನ್ನೊಂದು.

“ಮರೆಯುವುದಿಲ್ಲ ಅಕ್ಕಾವರೇ, ತೀರಿಹೋಗುತ್ತವೆ” ಎಂದರು ಒಬ್ಬರು. ಇಲ್ಲಿ ಒಮ್ಮೆಗೆ ಸಿಗುವುದು 30 ದಿನದ ಗುಳಿಗೆ. ಅಣ್ಣ ಕರೆಯಲು ಬರುವ ಹೊತ್ತಿಗೆ ಉಳಿದಿರುವುದು ಎಂಟೋ ಹತ್ತೋ. ತವರಿನಲ್ಲಿ ನಿಲ್ಲುವುದು ಇಪ್ಪತ್ತೈದು ದಿನ. ಊರಿನ ಆಸ್ಪತ್ರೆಯಲ್ಲಿ ಕೇಳೋಣವೆಂದರೆ ಗುಳಿಗೆಯ ಹೆಸರು ಗೊತ್ತಿಲ್ಲ, ಚೀಟಿ ಇಂಗ್ಲಿಷಿನಲ್ಲಿದೆ.

ನಮ್ಮ ಯೋಜನೆಯಲ್ಲಿ ಇವರನ್ನು ‘ಗುಳಿಗೆ ಮರೆಯುವವರು’ ಎಂದು ಬರೆದಿದ್ದೆವು. ದಿನಾ ಮೊಬೈಲಿಗೆ ಸಂದೇಶ ಕಳಿಸುವುದು ನಮ್ಮ ಪರಿಹಾರವಾಗಿತ್ತು. ಹದಿನಾಲ್ಕರಲ್ಲಿ ಒಂಬತ್ತು ಮನೆಗಳಲ್ಲಿ ಮೊಬೈಲ್ ಇರುವುದು ಗಂಡನ ಜೇಬಿನಲ್ಲಿ! ತಮ್ಮ ಆರೋಗ್ಯಸೇವೆಯನ್ನು ಯೋಜಿಸುವುದರಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕು ಎಂದು ಪ್ರಾಥಮಿಕ ಆರೋಗ್ಯಸೇವೆಯ ಅಂತರರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಅಲ್ಮಾ ಆಟಾ ಘೋಷಣೆ ಹೇಳಿದೆ. ಎಷ್ಟೋ ಸಲ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಆದರೂ ಯೋಜನೆ ಬರೆದು ಮುಗಿಸಿದ ಮೇಲೆಯೇ ಇವರ ಬಳಿಗೆ ಬಂದೆ. ಇದು ನನ್ನನ್ನು ಇಡೀ ದಿನ ಚುಚ್ಚಿತು.

140/90 ದಾಟಿದ ರಕ್ತದೊತ್ತಡ ಹೆಚ್ಚಿನವರಲ್ಲಿ ನೋವಿಲ್ಲದೆಯೇ ಇರುತ್ತದೆ. ಗುಳಿಗೆ ನಿಂತರೂ ದೇಹ ಕೂಗಿ ಹೇಳುವುದಿಲ್ಲ. ಅದಕ್ಕೇ ಈ ಇಪ್ಪತ್ತೈದು ದಿನಗಳ ಬಗ್ಗೆ ನನಗೆ ಭಯ.

ಇಂದು ಆಷಾಢ ಏಕಾದಶಿ. ದೊಡ್ಡವ್ವನಿಗೆ ಉಪವಾಸ, ಗುಳಿಗೆಯನ್ನೂ ಬಿಟ್ಟಿದ್ದರು. “ಹಸಿದ ಹೊಟ್ಟೆಗೆ ನುಂಗಬಹುದೇ?” ಎಂದು ಕೇಳಿದರು. ಅವರದು ಅಮ್ಲೊಡಿಪಿನ್, ಅದಕ್ಕೆ ಊಟದ ಹಂಗಿಲ್ಲ, ನೀರು ಸಾಕು ಎಂದೆ. ಸೆರಗಿನ ಗಂಟು ಬಿಚ್ಚಿ ಅಲ್ಲೇ ನುಂಗಿದರು. ಆ ಒಂದು ಪ್ರಶ್ನೆ ನಮ್ಮ ಮೂವತ್ತೆರಡು ಪ್ರಶ್ನೆಗಳ ಪಟ್ಟಿಯಲ್ಲಿ ಇರಲಿಲ್ಲ.

ಸಂಜೆಯ ಹೊತ್ತಿಗೆ ಅವರೇ ಎರಡು ಬೇಡಿಕೆ ಗೊತ್ತುಮಾಡಿದರು: ಊರಿಗೆ ಹೊರಡುವವರಿಗೆ 60 ದಿನದ ಗುಳಿಗೆ, ಮತ್ತು ಗುಳಿಗೆಯ ಹೆಸರು, ಒತ್ತಡದ ಅಂಕಿ ಕನ್ನಡದಲ್ಲಿರುವ ಕಾರ್ಡು. ಕಾರ್ಡಿನ ಹಿಂಬದಿಗೆ ದೊಡ್ಡವ್ವನ ಎತ್ತು, ನಾಗಪ್ಪ, ಬುತ್ತಿ, ತೇರು.

ನಾಳೆ ಇಬ್ಬರು ಕೂಲಿ ಬಿಟ್ಟು ನನ್ನೊಡನೆ ವೈದ್ಯಾಧಿಕಾರಿಗಳನ್ನು ಕಾಣಲು ಬರುತ್ತಾರೆ. ಆ ಕೂಲಿಯನ್ನು ಯೋಜನೆಯ ಹಣದಿಂದಲೇ ತುಂಬಿಕೊಡಬೇಕು, ಇಂದೇ ಬರೆದಿಟ್ಟೆ. ಪಂಚಮಿಗೆ ಇನ್ನು 23 ದಿನ.